ಬ್ಯಾಲೆ ಸಂಗೀತ, ಸಿನಿಮಾ ಸಂಗೀತ: ಯಾವ ರೆಕಾರ್ಡಿಂಗ್ ಕೇಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಪಾಶ್ಚಾತ್ಯ ಆರ್ಕೆಸ್ಟ್ರಾ ಸಂಗೀತದ ರುಚಿ ಹತ್ತಿಸಿಕೊಂಡವರಲ್ಲಿ ಬ್ಯಾಲೆಯಿಂದಲೋ ಸಿನಿಮಾದಿಂದಲೋ ಬಂದವರೇ ಜಾಸ್ತಿ. ಎರಡೂ ಇನ್ನೊಂದಕ್ಕೆ ದುಡಿಯಲು ಹುಟ್ಟಿದ ಸಂಗೀತ. ಒಂದು ನರ್ತಕರ ಕಾಲಿಗೆ, ಇನ್ನೊಂದು ಪರದೆಯ ಮೇಲಿನ ದೃಶ್ಯಕ್ಕೆ. ಕಾಲೂ ಇಲ್ಲ, ಪರದೆಯೂ ಇಲ್ಲ, ಸುಮ್ನೆ ಕೂತು ಕೇಳೋಣ ಎಂದಾಗ ಎಷ್ಟು ವೇಗ, ಎಷ್ಟು ಜೋರು ಎಂಬುದನ್ನೆಲ್ಲ ಕಂಡಕ್ಟರ್, ಅಂದರೆ ಎದುರಿಗೆ ನಿಂತು ಆರ್ಕೆಸ್ಟ್ರಾ ನಡೆಸುವವರು, ತಾವೇ ತೀರ್ಮಾನ ಮಾಡಬೇಕಾಗುತ್ತದೆ. ಅದಕ್ಕೇ ಈ ಎರಡು ಬಗೆಯ ಸಂಗೀತದಲ್ಲಿ ರೆಕಾರ್ಡಿಂಗಿನಿಂದ ರೆಕಾರ್ಡಿಂಗಿಗೆ ಇಷ್ಟೊಂದು ವ್ಯತ್ಯಾಸ.

ಸ್ವರಗಳನ್ನೆಲ್ಲ ಕಾಗದದ ಮೇಲೆ ಬರೆದಿಟ್ಟಿದ್ದಾರೆ. ಹಾಗಿದ್ದ ಮೇಲೆ ಯಾರು ನುಡಿಸಿದರೂ ಒಂದೇ ಅಲ್ವಾ?

ಕಛೇರಿ ಕೇಳಿ ಬೆಳೆದವರಿಗೆ ಈ ಅನುಮಾನ ಬರುವುದು ಸಹಜ. ನಮ್ಮಲ್ಲಿ ಗಾಯಕರು ಆಲಾಪನೆ, ನೆರವಲ್, ಕಲ್ಪನಾಸ್ವರ ಎಂದು ತಮ್ಮದನ್ನು ಸೇರಿಸುತ್ತಾರೆ. ಅಲ್ಲಿ ಒಂದು ಸ್ವರವನ್ನೂ ಸೇರಿಸುವ ಹಾಗಿಲ್ಲ. ಆದರೆ ಬರೆದಿಡಲು ಆಗದ್ದು ಬೇಕಾದಷ್ಟಿದೆ. 'ಸ್ವಲ್ಪ ಬೇಗ' ಎಂದು ಬರೆದಿದ್ದರೆ ಎಷ್ಟು ಬೇಗ? 'ಜೋರಾಗಿ' ಎಂದರೆ ಟ್ರಂಪೆಟ್ಟುಗಳು ಪಿಟೀಲನ್ನು ಮುಚ್ಚಿಹಾಕುವಷ್ಟು ಜೋರೋ, ಅದಕ್ಕಿಂತ ಒಂದು ಕೈ ಕಡಿಮೆಯೋ? ಸಾಲು ಮುಗಿದಾಗ ಉಸಿರು ತೆಗೆದುಕೊಳ್ಳಬೇಕೋ, ಹಾಗೇ ಮುಂದಕ್ಕೆ ಓಡಬೇಕೋ? ಇದರ ಮೇಲೆ ಆ ಊರಿನ ವಾದ್ಯಗಾರರ ಅಭ್ಯಾಸ, ಸಭಾಂಗಣದ ಗುಂಯ್‌ಗುಡುವಿಕೆ, ಮೈಕ್ ಇಟ್ಟ ಜಾಗ. ಇಷ್ಟೆಲ್ಲ ಸೇರಿದ ಮೇಲೆ ಎರಡು ರೆಕಾರ್ಡಿಂಗ್ ಒಂದೇ ಥರ ಕೇಳಿಸಿದರೆ ಅದೇ ಆಶ್ಚರ್ಯ.

ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಎರಡೇ ನಿಮಿಷದ ಒಂದು ತುಣುಕಿನಿಂದ. ರಷ್ಯಾದ ಸಂಯೋಜಕ ಚೈಕೋವ್‌ಸ್ಕಿಯ 'ನಟ್‌ಕ್ರಾಕರ್' ಬ್ಯಾಲೆಯಲ್ಲಿ ಬರುವ ಶುಗರ್ ಪ್ಲಮ್ ಫೇರಿಯ ಕುಣಿತ. ಮೊದಲು ಪಿಟೀಲು ಬಳಗದವರು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ಅದರ ಮೇಲೆ ಸಣ್ಣ ಗಂಟೆಗಳಂಥ ದನಿ ಬರುತ್ತದೆ. ಅದು ಸೆಲೆಸ್ಟಾ. ನೋಡಲು ಪುಟ್ಟ ಪಿಯಾನೊ, ಒಳಗೆ ತಂತಿಯ ಬದಲು ಲೋಹದ ಪಟ್ಟಿಗಳು. ಆಗ ಪ್ಯಾರಿಸ್ಸಿನಲ್ಲಿ ಹೊಸದಾಗಿ ಬಂದಿದ್ದ ವಾದ್ಯ. ಚೈಕೋವ್‌ಸ್ಕಿ ಅದನ್ನು ತರಿಸಿಕೊಳ್ಳುವಾಗ, ಬೇರೆ ಸಂಯೋಜಕರಾದ ರಿಮ್‌ಸ್ಕಿ-ಕೋರ್ಸಕೋವ್‌ಗೂ ಗ್ಲಾಜುನೋವ್‌ಗೂ ಸುದ್ದಿ ಮುಟ್ಟಬಾರದು ಎಂದು ತನ್ನ ಪ್ರಕಾಶಕನಿಗೆ ತಾಕೀತು ಮಾಡಿದ್ದ. ತನಗಿಂತ ಮುಂಚೆ ಅವರು ಬಳಸಿಬಿಟ್ಟರೆ ಎಂಬ ಭಯ!

ಸೆಲೆಸ್ಟಾದ ಮಾತಿಗೆ ಕೆಳಗಿನಿಂದ ಬಾಸ್ ಕ್ಲಾರಿನೆಟ್ ಎಂಬ ದಪ್ಪ ದನಿಯ ಊದುವ ವಾದ್ಯ ಜಾರಿಕೊಂಡು ಬಂದು ಉತ್ತರ ಕೊಡುತ್ತದೆ. ಇದೊಂದನ್ನೇ ಮೂರು ರೆಕಾರ್ಡಿಂಗುಗಳಲ್ಲಿ ಒಂದರ ಹಿಂದೆ ಒಂದು ಕೇಳಿ. ಒಂದರಲ್ಲಿ ಸೆಲೆಸ್ಟಾ ನಿಮ್ಮ ಮುಖದ ಮುಂದೆಯೇ ಇರುತ್ತದೆ. ಇನ್ನೊಂದರಲ್ಲಿ ಹಿಂದಿನ ಸಾಲಿನಲ್ಲಿ ಎಲ್ಲೋ ಮಿಣಮಿಣ ಎನ್ನುತ್ತದೆ. ಒಬ್ಬರ ಬಾಸ್ ಕ್ಲಾರಿನೆಟ್‌ನಲ್ಲಿ ತುಂಟತನ, ಇನ್ನೊಬ್ಬರದರಲ್ಲಿ ಬರೀ ಸಭ್ಯತೆ. ಎರಡು ನಿಮಿಷದಲ್ಲಿ ಇಷ್ಟು ಸಿಕ್ಕಿತೆಂದರೆ ಮುಂದಿನದು ತಾನಾಗಿಯೇ ಬರುತ್ತದೆ.

'ಸೂಟ್', 'ಹೈಲೈಟ್ಸ್', 'ಕಂಪ್ಲೀಟ್' ಎಂದೆಲ್ಲ ಹಾಕಿರುತ್ತಾರೆ. ಯಾವುದು ಒಳ್ಳೆಯದು?

ಸೂಟ್ ಎಂದರೆ ಬ್ಯಾಲೆಯಿಂದ ಆರಿಸಿದ ಕೆಲವು ತುಣುಕುಗಳ ಕಟ್ಟು. ಸಾಮಾನ್ಯವಾಗಿ ಸಂಯೋಜಕನೇ ಕಟ್ಟಿದ್ದು. ಹೈಲೈಟ್ಸ್ ಎಂದರೆ ಕಂಪನಿಯವರು ಆರಿಸಿದ್ದು. ಕಂಪ್ಲೀಟ್ ಎಂದರೆ ಪೂರ್ತಿ, ಅಥವಾ ಹಾಗೆಂದು ಅವರು ಹೇಳಿಕೊಳ್ಳುವುದು.

ನಟ್‌ಕ್ರಾಕರ್ ಸೂಟ್ ಬ್ಯಾಲೆಗಿಂತ ಮೊದಲೇ ಬಂದಿತ್ತು. ಸೂಟ್ 1892ರ ಮಾರ್ಚ್‌ನಲ್ಲಿ, ಬ್ಯಾಲೆ ಅದೇ ವರ್ಷ ಡಿಸೆಂಬರ್‌ನಲ್ಲಿ. ಇಪ್ಪತ್ತು ಚಿಲ್ಲರೆ ನಿಮಿಷದ ಸೂಟ್ ಸೊಗಸಾಗಿಯೇ ಇದೆ. ಆದರೆ ಅದನ್ನು ಮಾತ್ರ ಕೇಳಿದವರಿಗೆ ತಪ್ಪಿಹೋಗುವುದು ದೊಡ್ಡದು. ಮೊದಲ ಅಂಕದ ಕೊನೆಗೆ ಹಿಮ ಬೀಳುವ ವಾಲ್ಟ್ಸ್‌ನಲ್ಲಿ (ಮೂರೆಣಿಕೆಯ ಕುಣಿತ) ಮಕ್ಕಳು ಸಾಹಿತ್ಯವಿಲ್ಲದೆ ಬರೀ 'ಆ' ಎಂದು ಹಾಡುತ್ತಾರೆ. ಅದು ಸೂಟ್‌ನಲ್ಲಿ ಇಲ್ಲ. ಎರಡನೇ ಅಂಕದಲ್ಲಿ ಬರುವ ಜೋಡಿ ನೃತ್ಯವೂ ಇಲ್ಲ. ಆ ಜೋಡಿ ನೃತ್ಯದ ರಾಗ ಏನು ಗೊತ್ತಾ? ಮೇಲಿನಿಂದ ಕೆಳಕ್ಕೆ ಇಳಿಯುವ ಸಪ್ಪೆ ಅವರೋಹಣ, ಅಷ್ಟೆ. ಅದನ್ನೇ ಇಟ್ಟುಕೊಂಡು ಆತ ಎದೆ ಹಿಂಡುವ ಹಾಗೆ ಮಾಡಿದ್ದಾನೆ. ಶುಗರ್ ಪ್ಲಮ್ ಕುಣಿತದ ಕೊನೆಯೂ ಬೇರೆ. ಸೂಟ್‌ನಲ್ಲಿ ಅದು ಮೆಲ್ಲಗೆ ಮುಗಿಯುತ್ತದೆ, ಬ್ಯಾಲೆಯಲ್ಲಿ ಅದರ ಬೆನ್ನಿಗೇ ವೇಗದ ಇನ್ನೊಂದು ಭಾಗ ಓಡಿ ಬರುತ್ತದೆ.

ಮೊದಲ ಸಲ ಸೂಟ್ ಕೇಳಿ. ಇಷ್ಟವಾದ ಕೂಡಲೇ ಪೂರ್ತಿಗೆ ಹೋಗಿ. ಹೈಲೈಟ್ಸ್ ಕಡೆ ತಲೆ ಹಾಕಬೇಡಿ.

ಪೂರ್ತಿ ನಟ್‌ಕ್ರಾಕರ್ ಎಂದರೆ ಯಾರದ್ದು?

ಕಂಡಕ್ಟರ್ ಅಂಟಾಲ್ ಡೊರಾಟಿ ಇದನ್ನು ಮೂರು ಸಲ ಪೂರ್ತಿ ರೆಕಾರ್ಡ್ ಮಾಡಿದ್ದಾರೆ. 1950ರ ದಶಕದಲ್ಲಿ ಮಿನಿಯಾಪೊಲಿಸ್, 1962ರಲ್ಲಿ ಲಂಡನ್ ಸಿಂಫನಿ, 1975ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ಆರ್ಕೆಸ್ಟ್ರಾ. ಅದೇ ಕೈ, ಅದೇ ಕೃತಿ, ಮೂರು ಬಣ್ಣ. ಲಂಡನ್ನಿನದು ಚುರುಕು, ವಾದ್ಯಗಳು ಹತ್ತಿರದಲ್ಲೇ ಕೇಳಿಸುತ್ತವೆ. ಆಮ್‌ಸ್ಟರ್‌ಡ್ಯಾಮಿನದು ಹದವಾಗಿ ಕುದಿದ ಹಾಗಿದೆ, ಆ ಸಭಾಂಗಣದ ದುಂಡಗಿನ ಗುಂಗು ಪೂರ್ತಿ ಸಿಗುತ್ತದೆ. ಒಂದನ್ನೇ ಆರಿಸು ಎಂದರೆ ನನ್ನ ಓಟು ಇದಕ್ಕೇ.

ಅರ್ನೆಸ್ಟ್ ಆನ್ಸರ್ಮೆ ಇನ್ನೊಂದು ಥರದವರು. ಡಯಾಗಿಲೆವ್‌ನ ಬ್ಯಾಲೆ ತಂಡಕ್ಕೆ ಕಂಡಕ್ಟರ್ ಆಗಿದ್ದವರು, ನರ್ತಕರ ಉಸಿರು ಬಲ್ಲವರು. 1950ರ ದಶಕದ ಕೊನೆಗೆ ಜಿನೀವಾದ ತಮ್ಮ ಆರ್ಕೆಸ್ಟ್ರಾ ಜೊತೆ ಡೆಕ್ಕಾ ಕಂಪನಿಗೆ ಮಾಡಿದ ರೆಕಾರ್ಡಿಂಗುಗಳಲ್ಲಿ ಅಲ್ಲೊಂದು ಇಲ್ಲೊಂದು ಅಪಸ್ವರ ಸಿಗಬಹುದು. ಆದರೆ ಓಬೋ, ಬಸೂನ್ ಎಂಬ ಊದುವ ವಾದ್ಯಗಳ ಆ ತೆಳ್ಳನೆಯ ಫ್ರೆಂಚ್ ದನಿ ಇವತ್ತು ಎಲ್ಲೂ ಸಿಗುವುದಿಲ್ಲ. ಈಗ ಎಲ್ಲ ದೇಶದ ಆರ್ಕೆಸ್ಟ್ರಾಗಳೂ ಹೆಚ್ಚುಕಡಿಮೆ ಒಂದೇ ಥರ ನುಡಿಸುತ್ತವೆ. ಇದು ನನ್ನ ಹಳೇ ತಕರಾರು.

ವ್ಯಾಲರಿ ಗೆರ್ಗಿಯೆವ್ 1998ರಲ್ಲಿ ಕಿರೋವ್ ಆರ್ಕೆಸ್ಟ್ರಾ ಜೊತೆ ಪೂರ್ತಿ ಬ್ಯಾಲೆಯನ್ನು ಒಂದೇ ಸಿ.ಡಿ.ಯಲ್ಲಿ ಹಿಡಿಸಿಬಿಟ್ಟರು. ಹಿಡಿಸಬೇಕಾದರೆ ಓಡಲೇಬೇಕು, ಓಡಿದ್ದಾರೆ. ಕೆಲವು ಕಡೆ ಮೈ ಜುಂ ಎನ್ನುತ್ತದೆ, ಕೆಲವು ಕಡೆ ಪಾಪ, ನರ್ತಕರು ಏನು ಮಾಡಬೇಕು ಅನ್ನಿಸುತ್ತದೆ.

ಒಂದು 'ಸ್ವಾನ್ ಲೇಕ್'ನಲ್ಲಿ ಕೇಳಿದ ತುಣುಕು ಇನ್ನೊಂದರಲ್ಲಿ ಸಿಗುವುದಿಲ್ಲ. ಯಾಕೆ?

ಎರಡು ಬೇರೆ ಬೇರೆ ಸ್ವಾನ್ ಲೇಕ್ ಓಡಾಡುತ್ತಿವೆ. ಮೊದಲನೆಯದು 1877ರಲ್ಲಿ ಮಾಸ್ಕೋದ ಬೊಲ್ಶೋಯ್‌ನಲ್ಲಿ ಆಡಿದ್ದು. ಅಷ್ಟೇನೂ ಗೆಲ್ಲಲಿಲ್ಲ. ಚೈಕೋವ್‌ಸ್ಕಿ 1893ರಲ್ಲಿ ತೀರಿಕೊಂಡ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೆಟಿಪಾ ಮತ್ತು ಇವಾನೋವ್ ಹೊಸದಾಗಿ ನೃತ್ಯ ಕಟ್ಟಿದರು. ಅವರಿಗೆ ಬೇಕಾದ ಹಾಗೆ ರಿಕಾರ್ಡೊ ಡ್ರಿಗೊ ಸಂಗೀತವನ್ನು ಕತ್ತರಿಸಿ, ಜಾಗ ಬದಲಿಸಿ, ಚೈಕೋವ್‌ಸ್ಕಿಯ ಪಿಯಾನೊ ತುಣುಕುಗಳನ್ನು ಆರ್ಕೆಸ್ಟ್ರಾಗೆ ಹೊಂದಿಸಿ ಸೇರಿಸಿದ. ವೇದಿಕೆಯ ಮೇಲೆ ಇವತ್ತಿಗೂ ಬಹಳ ಕಡೆ ನಡೆಯುವುದು ಇದೇ. ಕೆಲವು ಹಳೆಯ ರೆಕಾರ್ಡಿಂಗುಗಳೂ ಇದನ್ನೇ ಹಿಡಿದಿವೆ. ಡೊರಾಟಿ, ಆಂಡ್ರೆ ಪ್ರಿವಿನ್ ಮುಂತಾದ ಕಂಡಕ್ಟರುಗಳ ಪೂರ್ತಿ ರೆಕಾರ್ಡಿಂಗುಗಳು 1877ರ ಮೂಲಕ್ಕೆ ಹೋಗುತ್ತವೆ.

ವ್ಯತ್ಯಾಸ ಹಿಡಿಯಬೇಕಾದರೆ ಎರಡನೇ ಅಂಕದ ಆ ಹೆಸರಾಂತ ಜೋಡಿ ನೃತ್ಯ ಕೇಳಿ. ಹಾರ್ಪ್ ಮೀಟಿ ದಾರಿ ಮಾಡಿಕೊಡುತ್ತದೆ. ಒಂಟಿ ಪಿಟೀಲು ಹಾಡಲು ಶುರು ಮಾಡುತ್ತದೆ. ಸುಮಾರು ಹೊತ್ತಾದ ಮೇಲೆ ಚೆಲ್ಲೊ ಬಂದು ಅದೇ ರಾಗ ಎತ್ತಿಕೊಳ್ಳುತ್ತದೆ, ಪಿಟೀಲು ಅದರ ಸುತ್ತ ಬಳ್ಳಿ ಹಬ್ಬಿಸುತ್ತದೆ. ಚೈಕೋವ್‌ಸ್ಕಿ ಕೈಬಿಟ್ಟ ಒಂದು ಆಪೆರಾದಲ್ಲಿ ಇದು ಗಂಡು ಹೆಣ್ಣು ಸೇರಿ ಹಾಡುವ ಹಾಡಾಗಿತ್ತು, ಅದು ಗೊತ್ತಾದ ಮೇಲೆ ಎರಡು ದನಿಯೂ ಮಾತಾಡುವ ಹಾಗೇ ಕೇಳಿಸುತ್ತದೆ. ಕೊನೆಗೆ ಬನ್ನಿ. ಮೂಲದಲ್ಲಿ ಇದು ಇದ್ದಕ್ಕಿದ್ದ ಹಾಗೆ ಚುರುಕಾಗಿ ಓಡಿ ಮುಗಿಯುತ್ತದೆ. ಡ್ರಿಗೊ ಆ ಓಟವನ್ನು ತೆಗೆದು ನಿಧಾನವಾಗಿ ಮುಗಿಸಿದ. ಮೂಲವೇ ಮೇಲು ಎನ್ನುವವರ ಪಂಗಡ ದೊಡ್ಡದು. ಈ ಒಂದು ಜಾಗದಲ್ಲಿ ಮಾತ್ರ ನಾನು ಡ್ರಿಗೊ ಕಡೆ.

ಪ್ರಿವಿನ್ ಲಂಡನ್ ಸಿಂಫನಿ ಜೊತೆ 1976ರಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ಆ ಒಂಟಿ ಪಿಟೀಲು ನುಡಿಸಿದವರು ಇಡಾ ಹೆಂಡೆಲ್. ಸಾಮಾನ್ಯವಾಗಿ ಆರ್ಕೆಸ್ಟ್ರಾದ ಮುಂದಿನ ಪಿಟೀಲುಗಾರರೇ ಇದನ್ನು ನುಡಿಸುತ್ತಾರೆ. ಅಷ್ಟು ದೊಡ್ಡ ಕಲಾವಿದೆಯನ್ನು ಕರೆಸಿದ್ದು ಸಾರ್ಥಕವಾಗಿದೆ.

ನೃತ್ಯ ನೋಡದೆ ಬರೀ ಸಂಗೀತ ಕೇಳಿದರೆ ಅರ್ಧ ಸುಖ ಹೋಗುವುದಿಲ್ಲವೇ?

ಹೋಗುತ್ತದೆ, ಇನ್ನೊಂದು ಅರ್ಧ ಬರುತ್ತದೆ. ವೇದಿಕೆಯಲ್ಲಿ ನರ್ತಕಿ ಒಂದೇ ಕಾಲಿನ ಮೇಲೆ ನಿಂತಿರುವಾಗ ಆರ್ಕೆಸ್ಟ್ರಾ ಕಾಯಲೇಬೇಕು. ಸ್ಟುಡಿಯೊದಲ್ಲಿ ಆ ಹಂಗಿಲ್ಲ. ಹಾಗಾಗಿ ರೆಕಾರ್ಡಿಂಗಿನ ವೇಗಕ್ಕೆ ಕುಣಿಯಲು ಆಗದಿರುವುದೂ ಉಂಟು. ಒಂದು ಸಲ ವಿಡಿಯೊ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ.

ಇನ್ನು ಕೆಲವು ಬ್ಯಾಲೆಗಳಿಗೆ ನೃತ್ಯ ಬೇಕೇ ಬೇಕು. ಮಿಂಕುಸ್‌ನ 'ಲಾ ಬಯಾಡೇರ್' (1877) ಭಾರತದಲ್ಲಿ ನಡೆಯುವ ಕಥೆ, ದೇವದಾಸಿಯೊಬ್ಬಳು ನಾಯಕಿ. ಸಂಗೀತದಲ್ಲಿ ಮಾತ್ರ ಭಾರತ ಹುಡುಕಿದರೂ ಸಿಗುವುದಿಲ್ಲ, ಎಲ್ಲ ವಾಲ್ಟ್ಸ್ ಮಯ. ನೋಡಲು ಚೆನ್ನ. ಬರೀ ಕೇಳಲು ಕೂತರೆ ಆಕಳಿಕೆ.

ಪ್ರೊಕೋಫಿಯೆವ್‌ನ 'ರೋಮಿಯೊ ಆಂಡ್ ಜೂಲಿಯೆಟ್': ಪ್ರಿವಿನ್ನೋ, ಮಾಜೆಲ್ಲೋ?

ಇದು ಐವತ್ತು ವರ್ಷದಿಂದ ಮುಗಿಯದ ಜಗಳ. ಇಬ್ಬರೂ 1973ರಲ್ಲೇ ಪೂರ್ತಿ ಬ್ಯಾಲೆ ರೆಕಾರ್ಡ್ ಮಾಡಿದರು. ಆಂಡ್ರೆ ಪ್ರಿವಿನ್ ಲಂಡನ್ ಸಿಂಫನಿಯಲ್ಲಿ, ಲೋರಿನ್ ಮಾಜೆಲ್ ಕ್ಲೀವ್‌ಲ್ಯಾಂಡ್‌ನಲ್ಲಿ.

'ನೈಟ್ಸ್' ಕುಣಿತದ ಜಾಗಕ್ಕೆ ಹೋಗಿ. ಕೆಳಗೆ ಭಾರವಾದ ಹಿತ್ತಾಳೆ ವಾದ್ಯಗಳು ಹೆಜ್ಜೆ ಇಡುತ್ತಿವೆ, ಮೇಲೆ ಪಿಟೀಲುಗಳು ಏರಿ ಇಳಿದು ಎಗರಾಡುತ್ತಿವೆ. ಮಾಜೆಲ್ ಕೈಯಲ್ಲಿ ಪ್ರತಿ ಸ್ವರಕ್ಕೂ ಅಂಚಿದೆ, ಮುಟ್ಟಿದರೆ ಕುಯ್ಯುತ್ತದೆ. ಪ್ರಿವಿನ್ ಕೈಯಲ್ಲಿ ಅದೇ ಜನ ದೊಡ್ಡ ಮನೆತನದವರು, ಸೊಕ್ಕಿದೆ, ಆತುರವಿಲ್ಲ. ನಡುವೆ ಎಲ್ಲ ತಣ್ಣಗಾಗಿ ಕೊಳಲಿನ ದನಿ ಬರುತ್ತದಲ್ಲ, ಅಲ್ಲಿ ಜೂಲಿಯೆಟ್ ಮನಸ್ಸಿಲ್ಲದ ಮನಸ್ಸಿನಿಂದ, ಮನೆಯವರು ಆರಿಸಿದ ವರ ಪ್ಯಾರಿಸ್ ಜೊತೆ ಹೆಜ್ಜೆ ಹಾಕುತ್ತಿದ್ದಾಳೆ. ಆ ಹುಡುಗಿಯ ಮೇಲೆ ಪ್ರಿವಿನ್‌ಗೆ ಕರುಣೆ ಜಾಸ್ತಿ. ಕತ್ತಿ ಕಾಳಗಕ್ಕೆ ಮಾಜೆಲ್, ಪ್ರೀತಿಗೂ ಸಾವಿಗೂ ಪ್ರಿವಿನ್. ತಪ್ಪಿಸಿಕೊಳ್ಳುವ ಉತ್ತರ ಎನ್ನಬೇಡಿ. ಎರಡೂ ಇಟ್ಟುಕೊಂಡವರು ಮಾಡುವುದೇ ಹೀಗೆ.

ಅಂದ ಹಾಗೆ, ಲೆನಿನ್‌ಗ್ರಾಡ್‌ನಲ್ಲಿ 1940ರಲ್ಲಿ ಇದನ್ನು ಆಡಿಸುವಾಗ, ವೇದಿಕೆಯ ಮೇಲೆ ಆರ್ಕೆಸ್ಟ್ರಾ ಸರಿಯಾಗಿ ಕೇಳಿಸುತ್ತಿಲ್ಲ ಎಂದು ನರ್ತಕರು ದೂರಿದರು. ಪ್ರೊಕೋಫಿಯೆವ್ ಗೊಣಗಿಕೊಂಡೇ ವಾದ್ಯಗಳನ್ನು ಸೇರಿಸಿ ದಪ್ಪ ಮಾಡಿದ.

ಸಂಯೋಜಕನೇ ಕಂಡಕ್ಟ್ ಮಾಡಿದ್ದರೆ ಅದೇ ಅಂತಿಮ ಅಲ್ವಾ?

ಸ್ಟ್ರಾವಿನ್‌ಸ್ಕಿಯನ್ನೇ ತೆಗೆದುಕೊಳ್ಳಿ. ಆತನ ಬ್ಯಾಲೆ 'ದ ರೈಟ್ ಆಫ್ ಸ್ಪ್ರಿಂಗ್' 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಗಲಾಟೆಯ ನಡುವೆ ಹುಟ್ಟಿತು. ಅಂದು ಕಂಡಕ್ಟ್ ಮಾಡಿದವರು ಪಿಯರ್ ಮಾಂಟೊ. 1929ರಲ್ಲಿ ಮಾಂಟೊ ಕೂಡ, ಸ್ಟ್ರಾವಿನ್‌ಸ್ಕಿ ಕೂಡ ಪ್ಯಾರಿಸ್ಸಿನಲ್ಲೇ ಬೇರೆ ಬೇರೆ ಕಂಪನಿಗಳಿಗೆ ಇದನ್ನು ರೆಕಾರ್ಡ್ ಮಾಡಿದರು. ಆಮೇಲೆ ಸ್ಟ್ರಾವಿನ್‌ಸ್ಕಿ 1940ರಲ್ಲಿ ಒಮ್ಮೆ, 1960ರಲ್ಲಿ ಇನ್ನೊಮ್ಮೆ ಮಾಡಿದ. ಮೂರರಲ್ಲೂ ವೇಗ ಒಂದೇ ಥರ ಇಲ್ಲ. ನಡುವೆ ಸ್ವರಪ್ರತಿಯನ್ನೂ ತಿದ್ದಿದ್ದ. ಹಾಗಾದರೆ ಅಂತಿಮ ಯಾವುದು?

1929ರದ್ದನ್ನು ಒಮ್ಮೆಯಾದರೂ ಕೇಳಿ. ವಾದ್ಯಗಾರರು ಒದ್ದಾಡುತ್ತಿರುವುದು ಗೊತ್ತಾಗುತ್ತದೆ. ಈಗ ಕಾಲೇಜು ಹುಡುಗರ ಆರ್ಕೆಸ್ಟ್ರಾಗಳೂ ಇದನ್ನು ಸಲೀಸಾಗಿ ನುಡಿಸುತ್ತವೆ. ಸಲೀಸಾದ ಮೇಲೆ ಭಯವೂ ಹೋಯಿತು.

ಸಿನಿಮಾ ಸಂಗೀತಕ್ಕೆ ಸಿನಿಮಾದಲ್ಲಿರುವುದೇ ಮೂಲ. ಬೇರೆಯವರದ್ದು ಯಾಕೆ ಕೇಳಬೇಕು?

ಮೂಲ ಚೆನ್ನಾಗಿ ಉಳಿದಿದ್ದರೆ ಬೇಡವೇ ಬೇಡ. ಆದರೆ 1930ರ, 40ರ ದಶಕದ ಹಾಲಿವುಡ್ ಸಂಗೀತ ಮೋನೊದಲ್ಲಿದೆ (ಎಡ ಬಲ ಎಂದಿಲ್ಲದ ಒಂದೇ ಧ್ವನಿ), ಅದರ ಮೇಲೆ ಮಾತು, ಕುದುರೆ, ಕತ್ತಿಯ ಸದ್ದು. ಕಂಡಕ್ಟರ್ ಚಾರ್ಲ್ಸ್ ಗೆರ್ಹಾರ್ಟ್ 1972ರಿಂದ ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ನ್ಯಾಷನಲ್ ಫಿಲ್ಹಾರ್ಮೋನಿಕ್ ಜೊತೆ ಈ ಸಂಗೀತವನ್ನು ಹೊಸದಾಗಿ ನುಡಿಸಿದರು. ಮೊದಲ ಎಲ್‌.ಪಿ.ಯಲ್ಲಿ ಹಾಲಿವುಡ್ ಸಂಯೋಜಕ ಕೋರ್ನ್‌ಗೋಲ್ಡ್‌ನ ಸಂಗೀತ, ನಿರ್ಮಾಪಕ ಕೋರ್ನ್‌ಗೋಲ್ಡ್‌ನ ಮಗನೇ. ಕೇಳಿದವರಿಗೆ ಈ ಸಂಗೀತ ಇಷ್ಟು ದೊಡ್ಡದಿತ್ತೇ ಅನ್ನಿಸಿತು.

'ವರ್ಟಿಗೊ' (1958) ಸಿನಿಮಾ ಸಂಗೀತದ ಕಥೆ ಇನ್ನೂ ಮಜಾ. ಹಾಲಿವುಡ್‌ನಲ್ಲಿ ವಾದ್ಯಗಾರರ ಮುಷ್ಕರ, ಹಾಗಾಗಿ ಸಂಯೋಜಕ ಬರ್ನಾರ್ಡ್ ಹರ್ಮನ್‌ಗೆ ತನ್ನ ಸಂಗೀತವನ್ನು ತಾನೇ ನಡೆಸಲು ಆಗಲಿಲ್ಲ. ಮ್ಯೂರ್ ಮ್ಯಾಥಿಸನ್ ಲಂಡನ್ನಿನಲ್ಲಿ ಶುರು ಮಾಡಿದರು. ಅಲ್ಲಿನವರೂ ಬೆಂಬಲಕ್ಕೆ ಕೆಲಸ ನಿಲ್ಲಿಸಿದರು. ಉಳಿದದ್ದು ವಿಯೆನ್ನಾದಲ್ಲಿ ಮುಗಿಯಿತು. 1990ರ ದಶಕದಲ್ಲಿ ಜೋಯಲ್ ಮೆಕ್‌ನೀಲಿ ಸ್ಕಾಟ್ಲೆಂಡಿನ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ಜೊತೆ ಹೊಸದಾಗಿ ನುಡಿಸಿದ್ದು ಶುದ್ಧವಾಗಿ ಕೇಳಿಸುತ್ತದೆ. ಹಳೆಯದರಲ್ಲಿ ಇರುವ ಕಾಯಿಲೆಯಂಥ ತಳಮಳ ಮಾತ್ರ ಹಳೆಯದರಲ್ಲೇ ಇದೆ.

'ಸೈಕೊ'ದಲ್ಲಿ ಇದು ಉಲ್ಟಾ. ಬರೀ ತಂತಿ ವಾದ್ಯಗಳ ಸಂಗೀತ. ಹರ್ಮನ್ 1968ರಲ್ಲಿ ತಾನೇ ಲಂಡನ್ ಫಿಲ್ಹಾರ್ಮೋನಿಕ್ ಜೊತೆ ಒಂದು ಸೂಟ್ ಮಾಡಿದ, 1975ರಲ್ಲಿ ಸಾಯುವ ಕೆಲವೇ ತಿಂಗಳ ಮೊದಲು ಮತ್ತೆ ಪೂರ್ತಿ ಮಾಡಿದ. ಸಿನಿಮಾದಲ್ಲಿ ಇದ್ದದ್ದಕ್ಕಿಂತ ನಿಧಾನ. ಕಾರು ಓಡಿಸಿಕೊಂಡು ಹೋಗುವ ದೃಶ್ಯ ಕಣ್ಣ ಮುಂದೆ ಇಲ್ಲದಿದ್ದರೆ ಆ ನಿಧಾನ ಇನ್ನಷ್ಟು ಹೆದರಿಸುತ್ತದೆ. ಇದ್ದರೆ, ಎಳೆದ ಹಾಗೆ.

ಮೇಲೆ 'ಒರಿಜಿನಲ್ ಸೌಂಡ್‌ಟ್ರ್ಯಾಕ್' ಎಂದಿದ್ದರೆ ಸಿನಿಮಾದಲ್ಲಿ ಕೇಳಿದ್ದೇ ತಾನೇ?

ನಂಬಬೇಡಿ. 'ಜಾಸ್' (1975) ಎಲ್‌.ಪಿ.ಗಾಗಿ ಜಾನ್ ವಿಲಿಯಮ್ಸ್ ಸಂಗೀತವನ್ನು ಬೇರೆಯಾಗಿಯೇ ನುಡಿಸಿದ್ದರು. ಸಿನಿಮಾದಲ್ಲಿದ್ದ ರೆಕಾರ್ಡಿಂಗ್ ಹೊರಬಂದದ್ದು 2000ದಲ್ಲಿ. ಆಗ ಇದು ಮಾಮೂಲು ಪದ್ಧತಿ. ಸಿನಿಮಾದ ಚೂರುಪಾರು ತುಣುಕುಗಳಿಗಿಂತ ಕೂತು ಕೇಳುವಂತೆ ಜೋಡಿಸಿದ್ದು ಮೇಲು ಎಂಬ ಲೆಕ್ಕ.

'2001: ಎ ಸ್ಪೇಸ್ ಒಡಿಸ್ಸಿ'ಯ ಶುರುವಿನ ಆ ಸೂರ್ಯೋದಯದ ಸಂಗೀತ ಎಲ್ಲರಿಗೂ ಗೊತ್ತು. ಪರದೆಯ ಮೇಲೆ ಕೇಳುವುದು ಕಂಡಕ್ಟರ್ ಕರಾಯನ್ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ ಡೆಕ್ಕಾಗೆ ಮಾಡಿದ್ದು. ಎಲ್‌.ಪಿ.ಯಲ್ಲಿ ಕೊಟ್ಟದ್ದು ಕಾರ್ಲ್ ಬೋಮ್, ಬರ್ಲಿನ್! ಅದೇ ಸಿನಿಮಾದಲ್ಲಿ ಅಂತರಿಕ್ಷ ನೌಕೆಯ ಒಂಟಿತನಕ್ಕೆ ಬರುವುದು ಒಂದು ಬ್ಯಾಲೆ ಸಂಗೀತ. ಖಚತೂರಿಯನ್‌ನ 'ಗಯಾನೆ'ಯ ಅಡಾಜಿಯೊ, ರೊಜ್‌ದೆಸ್ತ್‌ವೆನ್‌ಸ್ಕಿ ನಡೆಸಿದ್ದು. ಪೂರ್ತಿ 'ಗಯಾನೆ' ಕೇಳಿದರೆ ಕತ್ತಿ ಕುಣಿತದ ಗದ್ದಲದ ನಡುವೆ ಇಷ್ಟು ಮೌನದ ಒಂದು ತುಣುಕು ಇದೆ ಎಂದು ನಂಬುವುದೇ ಕಷ್ಟ.

'ಸ್ಟಾರ್ ವಾರ್ಸ್' ಎಷ್ಟೊಂದು ಇದೆ! ಯಾವುದು?

ಮೊದಲನೆಯದು, 1977ರ ಮಾರ್ಚ್‌ನಲ್ಲಿ ಡೆನಮ್‌ನ ಸ್ಟುಡಿಯೊದಲ್ಲಿ ಲಂಡನ್ ಸಿಂಫನಿ ನುಡಿಸಿದ್ದು. ಶುರುವಿನ ಆ ಟ್ರಂಪೆಟ್ ಮಾರಿಸ್ ಮರ್ಫಿಯದು. ಆರ್ಕೆಸ್ಟ್ರಾದ ಮುಖ್ಯ ಟ್ರಂಪೆಟ್ ವಾದಕನಾಗಿ ಅವರ ಕೆಲಸದ ಮೊದಲ ದಿನ ಅದು. ಆಗ ಆ ಆರ್ಕೆಸ್ಟ್ರಾದ ಪ್ರಧಾನ ಕಂಡಕ್ಟರ್ ಪ್ರಿವಿನ್, ಹಾಲಿವುಡ್‌ನಲ್ಲಿ ನಾಲ್ಕು ಆಸ್ಕರ್ ಗೆದ್ದು ಬಂದವರು, ವಿಲಿಯಮ್ಸ್‌ನ ಹಳೆಯ ಗೆಳೆಯ. ಮೇಲೆ ಹೇಳಿದ ರೋಮಿಯೊ, ನಟ್‌ಕ್ರಾಕರ್, ಸ್ವಾನ್ ಲೇಕ್ ನುಡಿಸಿದ್ದೂ ಇದೇ ಆರ್ಕೆಸ್ಟ್ರಾ. ಒಂದರ ಪಕ್ಕ ಒಂದು ಇಟ್ಟು ಕೇಳಿದರೆ ಹಿತ್ತಾಳೆ ವಾದ್ಯಗಳ ಆ ಹೊಳಪು ಗುರುತು ಸಿಗುತ್ತದೆ.

ಮುಂಬೈ ಮೂಲದ ಜುಬಿನ್ ಮೆಹ್ತಾ ಲಾಸ್ ಏಂಜಲಿಸ್ ಫಿಲ್ಹಾರ್ಮೋನಿಕ್ ಜೊತೆ ಮಾಡಿದ ಸೂಟ್ ದಪ್ಪ, ರಸಭರಿತ. 2020ರಲ್ಲಿ ವಿಲಿಯಮ್ಸ್ ವಿಯೆನ್ನಾದಲ್ಲಿ ನಡೆಸಿದ ಕಛೇರಿಯಲ್ಲಿ 'ಇಂಪೀರಿಯಲ್ ಮಾರ್ಚ್' ನುಡಿಸಲೇಬೇಕೆಂದು ವಾದ್ಯಗಾರರೇ ಕೇಳಿಕೊಂಡಿದ್ದರು. ಆ ಹುಮ್ಮಸ್ಸು ಕೇಳಿಸುತ್ತದೆ. ಆದರೂ ಮರ್ಫಿಯ ಮೊದಲ ದಿನಕ್ಕೆ ಸಾಟಿ ಇಲ್ಲ.

ಮೈಸೂರಿಗೂ ಇದಕ್ಕೂ ಏನೋ ನಂಟಿದೆಯಂತೆ?

ನಿಜ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು, ರೆಕಾರ್ಡುಗಳ ದೊಡ್ಡ ಸಂಗ್ರಹವೇ ಅವರ ಬಳಿ ಇತ್ತು. ರಷ್ಯಾದ ಸಂಯೋಜಕ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಆತನ ಕೃತಿಗಳನ್ನು ಆತನಿಂದಲೇ ನುಡಿಸಿ ಎಚ್‌.ಎಂ.ವಿ.ಯಲ್ಲಿ ಮುದ್ರಿಸಲು ಹಣ ಕೊಟ್ಟರು. ವಾಲ್ಟರ್ ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ನೆರವಾದರು. ಅದರ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಅದೇ ಆರ್ಕೆಸ್ಟ್ರಾ 1948ರಲ್ಲಿ ಲಾರೆನ್ಸ್ ಒಲಿವಿಯೆಯ 'ಹ್ಯಾಮ್ಲೆಟ್' ಸಿನಿಮಾಕ್ಕೆ ವಾಲ್ಟನ್‌ನ ಸಂಗೀತ ನುಡಿಸಿತು. 1950ರ ದಶಕದಲ್ಲಿ ಕರಾಯನ್ ಜೊತೆ ಚೈಕೋವ್‌ಸ್ಕಿಯ ಬ್ಯಾಲೆ ಸೂಟುಗಳನ್ನು ಮುದ್ರಿಸಿತು. ಆ ಸೂಟುಗಳು ಇವತ್ತಿಗೂ ಸಿಗುತ್ತವೆ, ಪಿಟೀಲುಗಳ ನಯ ಕೇಳಿಯೇ ತಿಳಿಯಬೇಕು.

ಹಳೆಯ ಗೊರಗೊರ ರೆಕಾರ್ಡ್ ಕೇಳಲು ತಾಳ್ಮೆ ಇಲ್ಲ. ಬಿಟ್ಟುಬಿಡಬಹುದೇ?

ಬಹುದು. ಪ್ರೊಕೋಫಿಯೆವ್ ಸಂಗೀತ ಕೊಟ್ಟ 'ಅಲೆಕ್ಸಾಂಡರ್ ನೆವ್‌ಸ್ಕಿ' (1938) ಸಿನಿಮಾದ ಧ್ವನಿ ಎಷ್ಟು ಕೆಟ್ಟದ್ದೆಂದರೆ ಅಭಿಮಾನಿಗಳೂ ಕಿವಿ ಮುಚ್ಚಿಕೊಳ್ಳುತ್ತಾರೆ. ಕೆಲವು ಕಡೆ ಅದು ಬೇಕೆಂದೇ ಮಾಡಿದ್ದು. ಶತ್ರುಗಳ ಕಹಳೆ ಕರ್ಕಶವಾಗಿರಲಿ ಎಂದು ಮೈಕಿಗೆ ಅತಿ ಹತ್ತಿರ ಊದಿಸಿದ್ದ. ಮರುವರ್ಷ ಆತನೇ ಇದನ್ನು ಹಾಡುಗಳುಳ್ಳ ಕಛೇರಿ ಕೃತಿಯಾಗಿ ಮಾಡಿದ. ಕಂಡಕ್ಟರ್ ಅಬ್ಬಾಡೊ ಲಂಡನ್ ಸಿಂಫನಿ ಜೊತೆ ಮಾಡಿದ್ದು ಕೇಳಿ. ಹೆಪ್ಪುಗಟ್ಟಿದ ಸರೋವರದ ಮೇಲಿನ ಯುದ್ಧ ಅಲ್ಲಿ ಸಾಕಷ್ಟು ಜೋರಾಗಿಯೇ ಇದೆ.

ಫೋನಿನಲ್ಲಿ ಕೇಳಿದರೆ ಸಾಲದೇ? ಆ್ಯಪ್‌ನಲ್ಲಿ ಹುಡುಕುವುದು ಹೇಗೆ?

ಫೋನಿನ ಸ್ಪೀಕರಿನಲ್ಲಿ ಬೇಡ. ಬಾಸ್ ಕ್ಲಾರಿನೆಟ್ಟೂ ಇಲ್ಲ, ಡಬಲ್ ಬಾಸೂ ಇಲ್ಲ. ಸಾಧಾರಣ ಬೆಲೆಯ ವೈರ್ ಇರುವ ಹೆಡ್‌ಫೋನ್ ಸಾಕು. ಕಿಂಗ್ಸ್‌ವೇ ಹಾಲ್‌ನ ರೆಕಾರ್ಡಿಂಗುಗಳಲ್ಲಿ ಮೆಲ್ಲಗಿನ ಜಾಗಗಳಲ್ಲಿ ಒಮ್ಮೊಮ್ಮೆ ಕೆಳಗಿನಿಂದ ಗುಡುಗುಡು ಬರುತ್ತದೆ. ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ, ಹಾಲಿನಡಿ ಓಡುತ್ತಿದ್ದ ಪಿಕಡಿಲಿ ಮಾರ್ಗದ ರೈಲು ಅದು.

ಸೆಟ್ಟಿಂಗ್ಸ್‌ಗೆ ಹೋಗಿ ಕ್ರಾಸ್‌ಫೇಡ್ (ಒಂದು ಟ್ರ್ಯಾಕಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಆಫ್ ಮಾಡಿ, ಗ್ಯಾಪ್‌ಲೆಸ್ (ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಮಾಡಿ. ಬ್ಯಾಲೆಯ ಟ್ರ್ಯಾಕುಗಳು ನಿಲ್ಲದೆ ಒಂದರೊಳಗೊಂದು ಹೋಗುತ್ತವೆ, ನಡುವೆ ಅರ್ಧ ಸೆಕೆಂಡು ಮೌನ ಬಂದರೂ ರಸಭಂಗ. ಎಲ್ಲ ಟ್ರ್ಯಾಕನ್ನೂ ಒಂದೇ ಮಟ್ಟದ ವಾಲ್ಯೂಮಿಗೆ ತರುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ಹುಡುಕುವಾಗ ಬರೀ 'ನಟ್‌ಕ್ರಾಕರ್' ಎಂದರೆ ಕ್ರಿಸ್‌ಮಸ್ ಮಿಕ್ಸ್‌ಗಳ ರಾಶಿ ಬೀಳುತ್ತದೆ. ಕೃತಿಯ ಹೆಸರಿನ ಜೊತೆ ಕಂಡಕ್ಟರ್ ಹೆಸರು, ಊರು ಸೇರಿಸಿ: ನಟ್‌ಕ್ರಾಕರ್, ಡೊರಾಟಿ, ಕನ್ಸರ್ಟ್‌ಗೆಬೌ. ಸಿಕ್ಕಿದ ಮೇಲೆ ಟ್ರ್ಯಾಕುಗಳ ಪಟ್ಟಿ ನೋಡಿ. ಎಂಟೇ ಇದ್ದರೆ ಅದು ಸೂಟ್.